ಸರ್ದಾರನ ಪಥ್ಯ

“ಮರಿ ಯಾವಾಗ ಹಾಕತೈತ್ರಿ, ಅಕ್ಕಾರ?”

ದನದ ದವಾಖಾನೆಯ ಕಟ್ಟೆಯ ಮೇಲೆ ಅಡ್ಡಾಗಿದ್ದ ನಮ್ಮ ಸರ್ದಾರನ ಹೊಟ್ಟೆ ನೋಡಿ ಕಂಪೌಂಡರ್ ಹೀಗೆ ಕೇಳಿದ. ನನಗೆ ಮೈ ಉರಿಯಿತು.

“ಗಂಡು ನಾಯಿ ಐತ್ರಿ ಅದು. ಕಣ್ಣು ಛಲೋ ಅದಾವೇನ್ರಿ ನಿಮ್ಮವು?”

ಆತ ಬಗ್ಗಿ ನೋಡಿದ. ಕಿವಿಗಳು ಕೆಂಪಾದವು. ಆಮೇಲೆ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತ. ಗಂಡನನ್ನು ಕಳೆದುಕೊಂಡಂದಿನಿಂದ ನನ್ನೆದುರು ಯಾರೂ ನಕ್ಕಿರಲಿಲ್ಲ. ನನ್ನ ಬರಿಗೈ, ಬರಿ ವಿಭೂತಿಯ ಹಣೆ ಕಂಡ ಕೂಡಲೇ ಎಲ್ಲರೂ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಈ ಮನುಷ್ಯ ಮಾತ್ರ ಹೆಗಲು ಕುಣಿಸಿ ಕುಣಿಸಿ ನಗುತ್ತಿದ್ದ. ಅಯ್ಯ ಶಿವನೇ, ಆ ಸಿಟ್ಟಿನಲ್ಲೂ ನನಗೆ ನಗು ಬಂದುಬಿಟ್ಟಿತು.

ಹೆಸರು ಮುರುಗೆಪ್ಪ, ಬೆಂಗೇರಿಯವನು, ನಮ್ಮ ಪೈಕಿಯೇ. ಸರ್ದಾರನ ಎದೆಗೆ ಕಿವಿಯಿಟ್ಟು ಕೇಳಿದ ಮೇಲೆ ಅವನ ನಗು ನಿಂತಿತು.

“ಬೊಜ್ಜು ಎದಿ ಒತ್ತಾಕತ್ತೈತ್ರಿ. ಮುಂಜಾನಿ ಅರ್ಧ ರೊಟ್ಟಿ, ಮಜ್ಜಿಗಿ. ಸಂಜಿಗೂ ಅಷ್ಟ. ಬೆಣ್ಣಿ, ತುಪ್ಪ, ಬೆಲ್ಲ ತೋರಸೂದೂ ಬ್ಯಾಡ. ದಿನಾ ನಡಸ್ರಿ. ಇಲ್ಲಂದ್ರ ಇದು ಉಳ್ಯಂಗಿಲ್ಲ.”

ಸರ್ದಾರ ನನ್ನ ಯಜಮಾನರ ನಾಯಿ. ವರ್ಗವಾಗಿ ಹೋದ ರೈಲ್ವೆ ಸಾಹೇಬನೊಬ್ಬ ಕೊಟ್ಟಿದ್ದ ಉದ್ದ ಕಿವಿಯ ಮರಿಯನ್ನು ಅವರು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಕಮರಿಪೇಟೆಯ ಮನೆಗೆ ತಂದಿದ್ದರು. ವಿಷಮಶೀತ ಜ್ವರದಲ್ಲಿ ಅವರು ಹೋದರು, ನಾಯಿ ಉಳಿಯಿತು. ಅತ್ತೆ ಕಾಳವ್ವ ಅಳುವುದನ್ನು ಬೇಗ ನಿಲ್ಲಿಸಿದರು. ಆದರೆ ಪ್ರತಿ ಊಟದ ಹೊತ್ತಿಗೆ ಮಗನ ಹಿತ್ತಾಳೆ ತಾಟು ತೊಳೆದು ಬಡಿಸುತ್ತಿದ್ದರು. ರೊಟ್ಟಿ, ಬೆಣ್ಣೆ, ಶೇಂಗಾ ಹಿಂಡಿ, ಹಬ್ಬವಿದ್ದರೆ ತುಪ್ಪ ಸುರಿದ ಹೋಳಿಗೆ. “ಬಸಣ್ಣಾ, ಉಣ್ಣಾಕ ಬಾರಪಾ” ಎಂದು ಕೂಗಿ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆಮೇಲೆ ಆ ತಾಟನ್ನು ಸರ್ದಾರನ ಮುಂದೆ ಇಡುತ್ತಿದ್ದರು. ಅವನು ಉಂಡು ಮುಗಿಸುವ ತನಕ ಬೆನ್ನು ಸವರುತ್ತ ಕೂಡುತ್ತಿದ್ದರು. ಅದನ್ನು ನೋಡಲಾರದೆ ನಾನು ಒಳಗೆ ಹೋಗುತ್ತಿದ್ದೆ.

ಪಥ್ಯದ ಮಾತು ಹೇಳಿದಾಗ ಅತ್ತೆ ಕೇಳಿಸದವರಂತೆ ಕುಳಿತರು. ನಡೆಸುವ ಮಾತಿಗೆ ಮಾತ್ರ ಒಪ್ಪಿದರು. “ಕರಕೊಂಡು ಹೋಗವಾ. ನನ್ನ ಮಗನ ನಾಯಿ ಸಾಯಬಾರದು.” ಆಳು ಎಳೆದರೆ ಸರ್ದಾರ ಬೀದಿಯಲ್ಲೇ ಕುಳಿತುಬಿಡುತ್ತಿದ್ದ, ನಾನು ಹೊರಟರೆ ಮಾತ್ರ ಏಳುತ್ತಿದ್ದ. ಹೀಗೆ, ದವಾಖಾನೆಯ ಆ ಒಂದು ದಿನ ಬಿಟ್ಟರೆ ಹೊಸ್ತಿಲು ದಾಟದ ನನಗೆ ಒಂದು ನಾಯಿಯ ಬೊಜ್ಜಿನಿಂದ ರಸ್ತೆ ಸಿಕ್ಕಿತು.

ಆ ರಸ್ತೆಯಲ್ಲಿ ದಿನವೂ ಮುರುಗೆಪ್ಪ ಸಿಗುತ್ತಿದ್ದ. ದವಾಖಾನೆ ತೆಗೆಯುವ ಮುಂಚೆ ಸೈಕಲ್ ನೂಕಿಕೊಂಡು ಬಂದು, ನಾಯಿಯ ಉಸಿರು ನೋಡುವ ನೆವದಲ್ಲಿ ಜೊತೆಗೆ ನಡೆಯುತ್ತಿದ್ದ. ಪ್ರಭಾತಫೇರಿಯ ಖಾದಿ ಟೊಪ್ಪಿಗೆಯವರು ಸ್ವರಾಜ್ಯದ ಹಾಡು ಹಾಡುತ್ತ ಎದುರಾದರೆ ಆತ ರಸ್ತೆಯ ಆ ಬದಿಗೆ, ನಾನು ಈ ಬದಿಗೆ. ಅವರು ದಾಟಿ ಹೋದ ಮೇಲೆ ಸರ್ದಾರ ನಮ್ಮಿಬ್ಬರ ನಡುವೆ.

“ಇವತ್ತ ಒಂದೀಟು ಇಳದಂಗ ಕಾಣತಾನ್ರಿ.”

“ಎಲ್ಲಿ ಇಳದಾನ್ರಿ? ಸರಿಯಾಗಿ ನೋಡ್ರಿ.”

“ಖರೇ ಹೇಳ್ಲೇನ್ರಿ? ನಾ ನಾಯಿ ಕಡೆ ನೋಡೇ ಇಲ್ಲ.”

ನಾನು ಸೆರಗು ಮುಂದೆ ಎಳೆದುಕೊಂಡೆ. ಸೆರಗಿನ ಅಂಚಿನಿಂದ ಕದ್ದು ನೋಡಿದರೆ, ಆತ ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಿಂದ ಸವರುತ್ತ ನಗುತ್ತಿದ್ದ. ಅಂದಿನಿಂದ ಅವನ ಬಾಯಲ್ಲಿ ‘ಅಕ್ಕಾರ’ ಬರಲಿಲ್ಲ. ಏನೆಂದು ಕರೆಯಬೇಕೆಂದು ತಿಳಿಯದೆ ಏನೂ ಕರೆಯದೆ ಮಾತಾಡುತ್ತಿದ್ದ. ನನಗೆ ಅದೇ ಹಿತವಾಗಿತ್ತು.

ಒಂದು ದಿನ ಆತನಿಗೆ ತಾಟಿನ ವಿಷಯ ಹೇಳಿದೆ.

“ಆ ತಾಟಿಗೆ ಕೈ ಹಚ್ಚೂದು ಬ್ಯಾಡ್ರಿ ಸದ್ಯಕ್ಕ,” ಎಂದ. “ಹಡದ ಕರುಳು ಅದು. ನಾವು ಇನ್ನೊಂದೀಟು ದೂರ ನಡಸೂಣು.”

ಹಾಗೆ ನಮ್ಮ ದಾರಿ ಬೆಳೆಯುತ್ತ ಉಣಕಲ್ ಕೆರೆಯ ಕಡೆ ಸಾಗಿತು. ಬೆಳಿಗ್ಗೆ ನಡೆದು ಕರಗಿಸಿದ್ದನ್ನು ಮಧ್ಯಾಹ್ನ ತಾಟು ತುಂಬಿಸುತ್ತಿತ್ತು. ಸರ್ದಾರ ಇಳಿಯಲಿಲ್ಲ. ಇಳಿದ ದಿನ ನನ್ನ ತಿರುಗಾಟ ಮುಗಿಯುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

“ಉಡಿಕಿ ಅಂದ್ರ ನಿಮ್ಮ ಮನ್ಯಾಗ ಏನಂತಾರ್ರಿ?” ಎಂದು ಒಂದು ದಿನ ಕೇಳಿದ.

ನಾನು ನಿಂತುಬಿಟ್ಟೆ. ಗಂಡ ಸತ್ತವಳಿಗೆ ಮತ್ತೊಮ್ಮೆ ಸೀರೆ ಉಡಿಸಿ ಕರೆದೊಯ್ಯುವುದು ನಮ್ಮವರಲ್ಲಿ ಇತ್ತು. ದೊಡ್ಡ ಮನೆತನದವರು ಮೂಗು ಮುರಿಯುತ್ತಿದ್ದರು, ಅಷ್ಟೆ.

“ಅತ್ತಿ ಹೂಂ ಅಂದ್ರ ಹೂಂ.”

“ಮತ್ತ ನೀವು?”

“ನಾ ಯಾವಾಗೋ ಹೂಂ ಅಂದೇನ್ರಿ. ನಿಮಗ ಕಣ್ಣಷ್ಟ ಅಲ್ಲ, ಕಿವೀನೂ ಛಲೋ ಇಲ್ಲ.”

ಆತ ಸೈಕಲ್ ಕೈಬಿಟ್ಟ. ಅದು ಧಡ್ ಎಂದು ಬಿತ್ತು. “ಸರ್ದಾರ ನೆಟ್ಟಗಾಗಲಿ. ನಮ್ಮ ಸೋದರಮಾವನ್ನ ಕಳಸತೇನಿ, ನಿಮ್ಮ ಅತ್ತಿ ಕಡೆ.”

ನೆಟ್ಟಗಾಗುವುದೆಲ್ಲಿಂದ ಬಂತು? ಮರುವಾರವೇ ಕೆರೆಯ ಏರಿಯ ಹತ್ತಿರ ಸರ್ದಾರ ತಟ್ಟಾಡಿ ಬಿದ್ದ. ನಾಲಿಗೆ ನೀಲಿಗಟ್ಟಿತ್ತು. ಮುರುಗೆಪ್ಪ ತನ್ನ ರುಮಾಲು ತೋಯಿಸಿ ಅವನ ಎದೆ ತಂಪು ಮಾಡುತ್ತ ಕುಳಿತ. ಉಸಿರು ಮರಳಿದ ಮೇಲೂ ತಲೆ ಎತ್ತಲಿಲ್ಲ.

“ತಾಟು ನಿಲ್ಲಬೇಕ್ರಿ,” ಎಂದ. “ನಾ ಮೊದಲ ಹೇಳಬೇಕಾಗಿತ್ತು.”

“ತಾಟು ನಿಂತ್ರ ಇವ ಇಳೀತಾನ. ಇವ ಇಳದ್ರ ನಾ ಮನ್ಯಾಗ.”

“ಗೊತ್ತೈತ್ರಿ. ಅದಕ್ಕ ಮಾವನ್ನ ಕಳಸತೇನಿ ಅಂದದ್ದು.”

ಅತ್ತೆಗೆ ನಾನೇ ಹೇಳಿದೆ. ನಿಮ್ಮ ಕೈ ತುತ್ತೇ ಇವನನ್ನು ಕೊಲ್ಲುತ್ತಿದೆ ಎಂದೆ. ಅವರು ಬೈಯಲಿಲ್ಲ. “ಹಂಗಾದ್ರ ನನ್ನ ಬಸಣ್ಣ ಏನ್ ಉಣಬೇಕ?” ಎಂದರು, ಸಣ್ಣ ಮಗುವಿನ ಹಾಗೆ. ಮರುದಿನದಿಂದ ತಾಟು ತೊಳೆದು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದರು, ಬಡಿಸುತ್ತಿರಲಿಲ್ಲ. ಸರ್ದಾರ ಮೂಗಿನಿಂದ ಆ ತಾಟನ್ನು ನೂಕಿ ನೂಕಿ ನೋಡಿ, ಕೊನೆಗೆ ತನ್ನ ಅರ್ಧ ರೊಟ್ಟಿಗೆ ಹೊಂದಿಕೊಂಡ.

ಅವನು ಇಳಿದ. ಪಕ್ಕೆಲುಬು ಕೈಗೆ ಹತ್ತುವಷ್ಟು ಇಳಿದ. ಯಜಮಾನರು ಬಿಟ್ಟುಹೋದ ನಮ್ಮ ಹತ್ತಿ ಅಂಗಡಿಯಲ್ಲಿ ಅವನನ್ನು ಚೀಲದಲ್ಲಿ ಕೂಡಿಸಿ ತಕ್ಕಡಿಗೆ ತೂಗುಹಾಕಿದಾಗ ಹಮಾಲ ಇಮಾಮಹುಸೇನ ಚಪ್ಪಾಳೆ ತಟ್ಟಿದ. “ಹತ್ತಿ ಅಂಡಿಗಿ ಇದ್ದಂಗ ಇದ್ದಾಂವ ಬರೇ ಸಣ್ಣ ಗಂಟ ಆಗ್ಯಾನ್ರಿ, ಅಕ್ಕಾರ!” ಎಲ್ಲರೂ ನಕ್ಕರು. ಚೀಲದಿಂದ ತಲೆ ಹೊರಹಾಕಿ ಸರ್ದಾರನೂ ಬಾಲ ಬಡಿಯುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಮುರುಗೆಪ್ಪ ನನ್ನ ಕಡೆ ನೋಡಿ, ಯಾರಿಗೂ ಕೇಳಿಸದಂತೆ, “ನಾಳೆ ಸಂಜಿಗೆ ಮಾವ ಬರತಾನ್ರಿ,” ಎಂದ. ಮನೆಯ ತನಕ ನಾನು ನೆಲ ಮುಟ್ಟಿ ನಡೆದದ್ದು ನೆನಪಿಲ್ಲ.

ಮನೆಯಲ್ಲಿ ಅತ್ತೆ ಅಡುಗೆ ಮಾಡಿಟ್ಟು ಕಾಯುತ್ತಿದ್ದರು. ಮುರುಗೆಪ್ಪನ ಮಾವ ಬರುವ ಮಾತನ್ನು ಹೇಗೆ ಎತ್ತಲಿ ಎಂದು ಲೆಕ್ಕ ಹಾಕುತ್ತ ಒಳಗೆ ಬಂದೆ.

“ಶೇವಂತಿ, ಇಲ್ಲೆ ಕುಂಡ್ರವಾ.”

ನನ್ನ ಮುಂದೆ ಯಜಮಾನರ ತಾಟು ಇಟ್ಟರು. ರೊಟ್ಟಿ, ಬೆಣ್ಣೆ, ಹಿಂಡಿ.

“ಅವ ಹ್ವಾದ ಮ್ಯಾಲೆ ನಿನಗ ಒಂದು ಚಮಚಾ ತುಪ್ಪ ಹಾಕಿದ್ದು ನನಗ ನೆನಪಿಲ್ಲ. ನಾಯಿಗೆ ಹಾಕಿದೆ, ನಿನಗ ಹಾಕಲಿಲ್ಲ. ಎದುರಿಗೇ ಒಣಗಾಕತ್ತಿದ್ದಿ, ನನ್ನ ಕಣ್ಣಿಗೆ ಬೀಳಲಿಲ್ಲ. ತಪ್ಪಾತು ನನ್ನವ್ವಾ. ಇವತ್ತಿನಿಂದ ನೀನ ನನ್ನ ಮಗ. ನೀನೂ ಇಲ್ಲಂದ್ರ ನಾ ಯಾರಿಗೆ ಬಡಸಲಿ? ಉಣ್ಣು.”

ಬೈದಿದ್ದರೆ ಬಿಟ್ಟು ಹೋಗುತ್ತಿದ್ದೆ. ಹೊಡೆದಿದ್ದರೆ ಅವತ್ತೇ ಹೋಗುತ್ತಿದ್ದೆ. ಅವರು ನನ್ನ ಬೆನ್ನು ಸವರುತ್ತಿದ್ದರು. ನಾನು ತುತ್ತು ಮುರಿದು ಬಾಯಿಗಿಟ್ಟೆ.

ಮರುದಿನ ಬೆಳಿಗ್ಗೆ ಕೆರೆಯ ದಾರಿಯಲ್ಲಿ ಮುರುಗೆಪ್ಪನಿಗೆ ಎಲ್ಲ ಹೇಳಿದೆ.

“ಉಂಡ್ರೇನ?” ಎಂದು ಕೇಳಿದ.

“ಉಂಡೆ.”

ಆತ ನೀರಿನ ಕಡೆ ನೋಡುತ್ತ ನಿಂತ. ಮುಖ ಕಂದಿತ್ತು. ಜಗಳವಾಡುತ್ತಾನೆಂದು ಕಾದೆ, ಆಡಲಿ ಎಂದು ಬೇಡಿಕೊಂಡೆ. ಆಡಲಿಲ್ಲ.

“ಮಾವಗ ಬರಬ್ಯಾಡ ಅಂತ ಹೇಳತೇನಿ.”

“ನೀವಂದ್ರ ನನ್ನ ಜೀವ ರೀ. ಅದನ್ನ ಹೇಳದ ಮನೀಗೆ ಹೋದ್ರ ಸತ್ತ ಹೋಗತೇನಿ, ಅದಕ್ಕ ಹೇಳಾಕತ್ತೇನಿ.”

“ನನಗೂ ಹಂಗ,” ಎಂದ ಮುರುಗೆಪ್ಪ. “ನಿಮ್ಮ ಅತ್ತೀನ್ನ ಬಿಟ್ಟು ಬರ್ರಿ ಅನ್ನಾಕ ನನಗ ಬಾಯಿ ಬರವಲ್ದು.”

“ನೀವು ಲಗೂ ಮದುವಿ ಆಗ್ರಿ.”

“ನೀವು ಆಗ್ರಿ ಅಂದ್ರ ಆಗತೇನಿ.”

“ಬ್ಯಾಡ. ಸ್ವಲ್ಪ ತಡಾ ಮಾಡ್ರಿ.”

“ಎಷ್ಟು ತಡಾ ಮಾಡ್ಲಿ?”

“ನನ್ನ ಅಳು ಮುಗಿಯೂತನಕ.”

ಆತ ತಲೆಯಾಡಿಸಿದ. ಪ್ರಭಾತಫೇರಿಯ ಹಾಡು ಹತ್ತಿರವಾಗುತ್ತಿತ್ತು. ಆತ ರಸ್ತೆಯ ಆ ಬದಿಗೆ ಹೋಗಲಿಲ್ಲ, ನಾನೂ ಸರಿಯಲಿಲ್ಲ. ಹಾಡುವವರು ನಮ್ಮಿಬ್ಬರನ್ನೂ ನೋಡುತ್ತ ದಾಟಿ ಹೋದರು. ಆಮೇಲೆ ಸರ್ದಾರ ಮನೆಯ ಕಡೆ ಎಳೆಯತೊಡಗಿದ. ಈಗ ಅವನ ಮೈಯಲ್ಲಿ ಬಲವಿತ್ತು, ನಾನು ತಡೆಯಲಾಗದೆ ಅವನ ಹಿಂದೆ ನಡೆದೆ.