ತಗಡಿನ ಟಾಪು, ಬಟ್ಟೆಯ ಟಾಪು

ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಮುತ್ಯಾಲಕ್ಕನ ಬಾಗಿಲು ತಟ್ಟಿದ ಹುಡುಗಿ ಕಾಲಿಗೆ ಚಪ್ಪಲಿ ಕೂಡ ಹಾಕಿಕೊಂಡಿರಲಿಲ್ಲ. ಕಾರಿನ ಸೀಟು, ಟಾಪು ಹೊಲಿಯುವ ಸರ್ದಾರ್ ಪಾಷಾರ ಮೊಮ್ಮಗಳು ನಿಶತ್ ಅವಳು. ನಾನು ಆಗಷ್ಟೇ ಅಕ್ಕನ ಮನೆಯ ಮುದ್ದೆ ಮುರಿದು ಸಾರಿಗೆ ಅದ್ದಿದ್ದೆ. ಊಟದ ಹೊತ್ತಿಗೆ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

"ಅಮ್ಮಾ, ನಮ್ ದಾದಾನ್ನ ಸಂಜೆ ಒಳಗೆ ಅಂಗಡಿ ಖಾಲಿ ಮಾಡು ಅಂದ್ಬಿಟ್ಟಿದಾರೆ ಅಮರ್ ಅಣ್ಣ. ಅವರ ನೀಲಿ ಕಾರಿನ ಟಾಪು ಯಾರೋ ಕುಯ್ದಿದಾರೆ. ದಾದಾನೇ ಕುಯ್ದಿದ್ದು ಅಂತಾರೆ. ದಾದಾ ಹೌದು ಅನ್ನಲ್ಲ, ಇಲ್ಲಾನೂ ಅನ್ನಲ್ಲ. ಸುಮ್ನೆ ಸೂಜಿ ದಾರ ಡಬ್ಬಕ್ಕೆ ತುಂಬ್ತಾ ಇದಾರೆ. ನಲವತ್ತು ವರ್ಷದ ಅಂಗಡಿ ಅಮ್ಮಾ ಅದು!" ಅಂದವಳೇ ಅತ್ತುಬಿಟ್ಟಳು.

ಮುತ್ಯಾಲಕ್ಕ ಕೈ ತೊಳೆದು ಎದ್ದರು. "ಬೀರಪ್ಪ, ಸ್ಕೂಟರ್ ತೆಗಿ."

ಅಕ್ಕ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ದೇವನಹಳ್ಳಿ ಕೋಟೆ ಬೀದಿಯಲ್ಲಿ ಏನೇ ಕಳೆದರೂ, ಯಾರೇ ಮುನಿಸಿಕೊಂಡು ಮನೆ ಬಿಟ್ಟರೂ ಜನ ಮೊದಲು ಬರುವುದು ಅವರ ಬಾಗಿಲಿಗೆ. ಎದುರುಮನೆಯ ಚಿಕ್ಕಬೀರಪ್ಪನಾದ ನಾನು ರಿಟೈರಾದ ಬಸ್ ಕಂಡಕ್ಟರ್. ಅಕ್ಕನ ಪತ್ತೇದಾರಿಕೆಗೆ ಸಾರಥಿ ನಾನೇ, ಬೈಸಿಕೊಳ್ಳುವವನೂ ನಾನೇ.

ಅಮರನ ಶೆಡ್ಡು ದೊಡ್ಡಬಳ್ಳಾಪುರದ ರಸ್ತೆಯಲ್ಲಿ, ಅವನ ಮನೆಗೆ ಅಂಟಿಕೊಂಡೇ ಇತ್ತು. ಟಾಪು ತೆರೆಯುವ ಎರಡು ದುಬಾರಿ ಕಾರುಗಳನ್ನು ಅವನು ಮದುವೆಗಳಿಗೆ ಬಾಡಿಗೆಗೆ ಬಿಡುತ್ತಿದ್ದ. ಕೆಂಪು ಕಾರಿನದು ತಗಡಿನ ಟಾಪು. ಗುಂಡಿ ಒತ್ತಿದರೆ ಡಿಕ್ಕಿ ಬಾಯಿ ತೆರೆದು, ಟಾಪು ತಾನೇ ಮೂರು ಮಡಿಕೆಯಾಗಿ ಅದರೊಳಗೆ ಹೋಗಿ ಕೂರುತ್ತಿತ್ತು. ನೀಲಿ ಕಾರಿನದು ದಪ್ಪ ಬಟ್ಟೆಯ ಟಾಪು, ಹಿಂದಕ್ಕೆ ಮಡಚಿಕೊಳ್ಳುವಂಥದ್ದು. ಆ ಬಟ್ಟೆಯ ಆರೈಕೆಯೆಲ್ಲ ಅವನಪ್ಪನ ಕಾಲದಿಂದಲೂ ಶೆಡ್ಡಿನ ಮೂಲೆಯಲ್ಲೇ ಅಂಗಡಿ ಇಟ್ಟುಕೊಂಡಿದ್ದ ಪಾಷಾರದು.

ನೀಲಿ ಕಾರಿನ ಟಾಪಿನ ನಡುವೆ ತಲೆ ತೂರುವಷ್ಟು ದೊಡ್ಡ ತೂತು. ಕುಯ್ದ ತುಂಡು ಎಲ್ಲೂ ಇಲ್ಲ. ಚಕ್ರದ ಪಕ್ಕ ಪಾಷಾರ ಬಾಗಿದ ಚಾಕು ಬಿದ್ದಿತ್ತು.

"ಇನ್ನೇನು ಸಾಕ್ಷಿ ಬೇಕು ಹೇಳಿ!" ಅಮರ್ ಗುಡುಗಿದ. "ಬಟ್ಟೆ ಗಾಡಿ ಮಾರಿ ಇನ್ನೊಂದು ತಗಡಿನ ಟಾಪಿನ ಗಾಡಿ ತಗೋತೀನಿ ಅಂದಿದ್ದೆ. ಬಟ್ಟೆ ಟಾಪು ಮಳೇಲಿ ನೆನೆದ್ರೆ ಒಣಗಿಸ್ಬೇಕು, ಒದ್ದೆ ಮಡಚಿದ್ರೆ ಬೂಷ್ಟು. ಯಾರಿಗೆ ಬೇಕು ಆ ಗೋಳು? ಇವರಿಗೆ ಹೊಟ್ಟೆ ಉರೀತು, ಕುಯ್ದ್ರು."

"ಹೌದೇನ್ರೀ ಪಾಷಾ?" ಅಕ್ಕ ಕೇಳಿದರು.

ಪಾಷಾ ತಲೆಯೆತ್ತಲಿಲ್ಲ. "ತಗಡಿನ ಟಾಪು ಮಡಚಿದ್ರೆ ಡಿಕ್ಕೀಲಿ ಮದುವೆ ಹೆಣ್ಣಿನ ಪೆಟ್ಟಿಗೆ ಇಡಕ್ಕೂ ಜಾಗ ಇರಲ್ಲ ಅಂದಿದ್ದೆ. ಕೆಟ್ರೆ ಇಡೀ ಯಂತ್ರ ಬಿಚ್ಚಬೇಕು, ಬಟ್ಟೆ ಹರಿದ್ರೆ ನಾನಿದೀನಿ ಅಂದಿದ್ದೆ. ಅಷ್ಟೇಮ್ಮಾ ನಾನು ಅಂದಿದ್ದು." ಕುಯ್ದವರು ಯಾರೆಂಬ ಮಾತಿಗೆ ಮಾತ್ರ ಬಾಯಿ ಬಿಡಲಿಲ್ಲ.

ಅಕ್ಕ ತೂತಿನ ಅಂಚಿನ ಮೇಲೆ ಸುತ್ತಲೂ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. "ಮುಟ್ಟಿ ನೋಡು ಬೀರಪ್ಪ." ಮುಟ್ಟಿದೆ. ಉಳಿದೆಡೆಯೆಲ್ಲ ಎಳೆಗಳು ಮೆತ್ತಗೆ ಬಿಚ್ಚಿಕೊಂಡಿದ್ದವು. ಅಲ್ಲಿ ಮಾತ್ರ ಸಾಸಿವೆ ಕಾಳಿನ ಹಾಗೆ ಗಟ್ಟಿಯಾಗಿ ಗಂಟುಗಟ್ಟಿದ್ದವು. ಕುಯ್ದ ಗೆರೆಯೂ ಸೊಟ್ಟಪಟ್ಟ, ಬದನೆಕಾಯಿ ಹೆಚ್ಚಿದಂತೆ ಸಣ್ಣ ಸಣ್ಣ ಏಟು. ಕಾರಿನಡಿಯ ನೆಲ ಯಾರೋ ತೊಳೆದಂತೆ ಚೊಕ್ಕವಾಗಿತ್ತು. ಪಕ್ಕದಲ್ಲಿ, ಟಾಪು ತೆರೆದುಕೊಂಡು ನಿಂತಿದ್ದ ಕೆಂಪು ಕಾರಿನಡಿ ಧೂಳು ಹಾಗೇ ಇತ್ತು. ಆ ಧೂಳಿನಲ್ಲಿ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಾಲ್ಕು ನಿಂಬೆಹಣ್ಣು.

"ಕೆಂಪು ಗಾಡಿ ಬೆಳಿಗ್ಗೆ ಹೊರಗೆ ಹೋಗಿತ್ತಾ?"

"ನಾನೇ ತಗೊಂಡ್ಹೋಗಿದ್ದೆ ಅಮ್ಮಾ," ಅಂದ ಡ್ರೈವರ್ ಮುನೀಂದ್ರ. "ಆವತಿ ಬೆಟ್ಟದ ಹತ್ರ ಫೋಟೋ ಶೂಟು. ಅಮಾವಾಸ್ಯೆ ಬೇಡ ಅಂತ ದೊಡ್ಡೋರು ಬಡ್ಕೊಂಡ್ರೂ ಹುಡುಗ ಹುಡುಗಿ ಕೇಳ್ಬೇಕಲ್ಲ! ಐದೂವರೆಗೆ ಕತ್ಲಲ್ಲೇ ಬಂದೆ, ಒಳಗೆ ಕೂತೆ, ಗುಂಡಿ ಒತ್ತಿ ಟಾಪು ತೆಗೆದೆ, ಹೊರಟೆ. ನೀಲಿ ಗಾಡಿ ಕಡೆ ತಿರುಗೂ ನೋಡ್ಲಿಲ್ಲ. ಹನ್ನೆರಡಕ್ಕೆ ವಾಪಸ್ ಬಂದೆ."

ಅಕ್ಕ ನೀಲಿ ಕಾರಿನ ಬಾನೆಟ್ಟಿನ ಮೇಲೊಂದು ಮಾಸಲು ಕಲೆ ತೋರಿಸಿದರು. "ಇದೇನು?"

"ಹೋದ ಅಮಾವಾಸ್ಯೆದು," ಅಂದ ಅಮರ್. "ಅಪ್ಪ ಪೂಜೆ ಮಾಡಿ ಇಲ್ಲೇ ಕರ್ಪೂರ ಹಚ್ಚಿದ್ರು. ಪೇಂಟು ಹಾಳಾಯ್ತು. ಬಾನೆಟ್ ಮುಟ್ಬೇಡ, ಇನ್ನೊಂದ್ಸಲ ಹೀಗೆ ಮಾಡಿದ್ರೆ ಶೆಡ್ಡಿಗೇ ಕಾಲಿಡ್ಬೇಡ ಅಂದೆ. ಅಲ್ಲಿಗೆ ಪೂಜೇನೇ ಬಿಟ್ಬಿಟ್ರು."

ಅಮರನ ಅಪ್ಪ ದೊಡ್ಡಮುನಿಯಪ್ಪನವರು ಹೊರಗೆ ಬೇವಿನ ನೆರಳಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಈಚೆಗೆ ಅವರಿಗೆ ಮರೆವು. ಆದರೂ ದಿನಾ ಬೆಳಿಗ್ಗೆ ಪಾಷಾರ ಮೂಲೆಗೆ ಬಂದು, ಇಬ್ಬರೂ ಒಂದೇ ಟೀ ಹಂಚಿಕೊಂಡು ಕುಡಿದರೆ ಮಾತ್ರ ದಿನ ಶುರುವಾಗುತ್ತಿತ್ತು. ಅವರ ಹಣೆಯಲ್ಲಿ ವಿಭೂತಿ ಇತ್ತು, ಬೆರಳ ತುದಿಗೆ ಕುಂಕುಮ ಅಂಟಿತ್ತು.

"ಪಾಷಾ ಯಾಕಮ್ಮ ನನ್ ಜೊತೆ ಮಾತಾಡ್ತಿಲ್ಲ?" ಅಂತ ಅಕ್ಕನನ್ನು ಕೇಳಿದರು. "ಅವನು ಅಂಥೋನಲ್ಲ. ಆದ್ರೆ ನನ್ ಮಾತು ಯಾರ್ ಕೇಳ್ತಾರೆ?"

ಅಕ್ಕನನ್ನು ಪಕ್ಕಕ್ಕೆ ಕರೆದೆ. "ಮೂವತ್ತು ವರ್ಷ ಟಿಕೆಟ್ ಹರಿದೋನು ನಾನು, ಮುಖ ನೋಡಿದ್ರೆ ಗೊತ್ತಾಗುತ್ತೆ. ಪಾಷಾ ಮಾಡಿಲ್ಲ ಅಂದ್ರೆ ಮುನೀಂದ್ರಾನೇ. ಆದ್ರೂ ಈ ಪಾಷಾ ಯಾಕಕ್ಕ ಸುಮ್ನಿದಾರೆ? ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ?"

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ಕಣೋ ನೀನು," ಅಂದರು ಅಕ್ಕ. "ಆದ್ರೆ ಪ್ರಶ್ನೆ ಸರಿಯಾಗೇ ಕೇಳಿದೀಯ. ಐದು ಗಂಟೆಗೆ ಎಲ್ರೂ ಇಲ್ಲಿ ಸೇರ್ಬೇಕು. ಅಮರನ ಹೆಂಡ್ತೀನೂ. ಮುನಿಯಪ್ಪನವರು ಮಾತ್ರ ಬೇಡ."

ಐದಕ್ಕೆ ಶೆಡ್ಡಿನಲ್ಲಿ ಅಮರ್, ಅವನ ಹೆಂಡತಿ ಅಕ್ಷತ, ಮುನೀಂದ್ರ, ಪಾಷಾ, ನಿಶತ್ ಸೇರಿದರು. ಪಾಷಾರ ಡಬ್ಬ, ಹೊಲಿಗೆ ಮಷೀನು ಬಾಗಿಲಿಗೆ ಬಂದು ಕೂತಿದ್ದವು.

"ಮೊದಲು ಈ ಗಂಟುಗಳು," ಅಂದರು ಅಕ್ಕ, ನೀಲಿ ಟಾಪಿನ ಅಂಚು ಹಿಡಿದು. "ಚಾಕು ತಾಗಿದ್ರೆ ಎಳೆ ಬಿಚ್ಕೊಳುತ್ತೆ. ಕರಗಿ ಗಂಟಾಗಿದೆ ಅಂದ್ರೆ ಬೆಂಕಿ ತಾಗಿದೆ. ಅಂದ್ರೆ ಚಾಕುಗಿಂತ ಮುಂಚೆ ಇಲ್ಲಿ ಸುಟ್ಟ ತೂತಿತ್ತು. ಅದು ಕಾಣಬಾರ್ದು ಅಂತ ಯಾರೋ ಸುತ್ತ ಕುಯ್ದು ತೆಗೆದ್ರು. ಸರಿ, ಬೆಂಕಿ ಎಲ್ಲಿಂದ ಬಂತು? ಕೆಂಪು ಗಾಡಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ರು. ಅಮಾವಾಸ್ಯೆ ಪೂಜೆ ಮಾಡೋರು ಒಂದು ಗಾಡಿಗೆ ಮಾಡಿ ಇನ್ನೊಂದನ್ನ ಬಿಡ್ತಾರಾ? ನೀಲಿ ಗಾಡಿಗೂ ಇಟ್ಟಿದ್ರು, ಯಾರೋ ತೆಗೆದು ನೆಲ ತೊಳೆದಿದಾರೆ. ಮುನೀಂದ್ರ, ಕೆಂಪು ಗಾಡಿ ಟಾಪು ಹಾಕಪ್ಪ."

ಮುನೀಂದ್ರ ಗುಂಡಿ ಒತ್ತಿದ. ಡಿಕ್ಕಿ ತೆರೆಯಿತು. ಮಡಚಿಟ್ಟ ತಗಡು ಗುಯ್ ಎನ್ನುತ್ತ ಮೇಲೆದ್ದು, ಬಿಚ್ಚಿಕೊಂಡು, ಕಾರಿನ ನೆತ್ತಿಯ ಮೇಲೆ ಕೂತಿತು. ಅಬ್ಬಾ! ಅಷ್ಟು ಹೊತ್ತೂ ಡಿಕ್ಕಿಯೊಳಗೆ ಅಡಗಿದ್ದ ಆ ಟಾಪಿನ ನಟ್ಟನಡುವೆ ವಿಭೂತಿಯ ಮೂರು ಗೆರೆ, ಕುಂಕುಮ, ವೀಳ್ಯದೆಲೆಯ ಅಗಲಕ್ಕೆ ಕರ್ಪೂರದ ಕಪ್ಪು ಮಸಿ.

"ತಗಡಿನ ಮೇಲೆ ಹಚ್ಚಿದ್ದು ಮಸಿಯಾಯ್ತು, ಬಟ್ಟೆ ಮೇಲೆ ಹಚ್ಚಿದ್ದು ತೂತಾಯ್ತು. ಬಾನೆಟ್ ಮುಟ್ಬೇಡ ಅಂತ ಮಗ ಅಂದಿದ್ನಲ್ಲ, ಆ ಮಾತು ಮೀರಬಾರ್ದು ಅಂತ ಪಾಪ, ಟಾಪಿನ ಮೇಲೆ ಹಚ್ಚಿದಾರೆ. ಎರಡೂ ಟಾಪು ಒಂದೇ ಅಲ್ಲ ಅನ್ನೋದು ಆ ಮರೆವಲ್ಲಿ ಹೊಳೆದಿಲ್ಲ. ಕುಂಕುಮ ಇನ್ನೂ ಅವರ ಬೆರಳಲ್ಲೇ ಇದೆ."

"ಅಪ್ಪಾನಾ?" ಅಮರನ ದನಿ ಏರಿತು. "ಎಷ್ಟು ಸಲ ಬಡ್ಕೊಂಡಿದೀನಿ…"

"ಬಾಯಿ ಮುಚ್ಚು!" ಅಕ್ಕ ಗದರಿದರು. ಸ್ಟೇಷನ್ನಿನ ದನಿ ಅದು. ನಾನೇ ಬೆಚ್ಚಿಬಿದ್ದೆ. "ಇನ್ನು ಚಾಕು. ಪಾಷಾ ಕುಯ್ದಿದ್ರೆ ಒಂದೇ ಎಳೆತಕ್ಕೆ ನೆಟ್ಟಗೆ ಕುಯ್ತಿದ್ರು. ಇದು ಅಡುಗೆಮನೆ ಕೈ. ಬೆಳಿಗ್ಗೆ ಈ ಬಾಗಿಲು ಗುಡಿಸೋದು ಯಾರಮ್ಮಾ ಅಕ್ಷತ?"

ಅಕ್ಷತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. "ನಾನೇ. ಆರು ಗಂಟೆಗೆ ಬಂದೆ, ತೂತು ಹೊಗೆ ಆಡ್ತಿತ್ತು. ನೀರು ಹಾಕ್ದೆ. ಇವರು ನೋಡಿದ್ರೆ ಮಾವಯ್ಯನ್ನ ಶೆಡ್ಡಿಗೆ ಸೇರಿಸಲ್ಲ ಅಂತ ಭಯ ಆಯ್ತು. ಕಳ್ಳರು ಕುಯ್ದಿದಾರೆ ಅನ್ಕೊಳ್ಳಿ ಅಂತ ಕೈಗೆ ಸಿಕ್ಕ ಚಾಕು ತಗೊಂಡೆ. ಗೇಟಿನ ಸದ್ದಾಯ್ತು, ಕುಯ್ದ ತುಂಡು, ನಿಂಬೆಹಣ್ಣು ಸೆರಗಿಗೆ ಕಟ್ಕೊಂಡು, ಗಾಬರೀಲಿ ಚಾಕು ಅಲ್ಲೇ ಬಿಟ್ಟು ಓಡಿದೆ. ಚಾಚಾ ಮೇಲೆ ಬರುತ್ತೆ ಅಂತ ನಂಗೊತ್ತಿರ್ಲಿಲ್ಲ. ಆಮೇಲೆ ಹೇಳಕ್ಕೆ ಧೈರ್ಯ ಬರ್ಲಿಲ್ಲ."

"ಇನ್ನೊಂದು ಉಳೀತು, ನಮ್ ಬೀರಪ್ಪನ ಪ್ರಶ್ನೆ," ಅಂದರು ಅಕ್ಕ. "ನಲವತ್ತು ವರ್ಷ ಬಟ್ಟೆ ಮುಟ್ಟಿದೋರಿಗೆ ಈ ಗಂಟು ಕಾಣದೆ ಇರುತ್ತಾ? ಬೆಳಿಗ್ಗೆ ಅಂಗಡಿ ತೆಗೆದಾಗ್ಲೇ ಕಂಡಿದೆ. ಸುಟ್ಟಿದೆ ನೋಡಿ ಅಂದಿದ್ರೆ ಇವರು ಬಚಾವ್. ಆದ್ರೆ ಅದನ್ನ ಹೇಳಿದ್ರೆ ಯಾರ ಹೆಸರು ಬರುತ್ತೆ ಅಂತ ಇವರಿಗೆ ಗೊತ್ತಿತ್ತು. ಅದಕ್ಕೆ ಡಬ್ಬ ತುಂಬಿದ್ರು."

ನಿಶತ್ ತಾತನ ತೋಳು ಹಿಡಿದುಕೊಂಡಳು. ಪಾಷಾ ಅಳುತ್ತಿದ್ದರು. "ನಂದು ಅಂಗಡಿ ಹೋದ್ರೆ ಇನ್ನೆಲ್ಲಾದ್ರೂ ಹೊಲೀತೀನಮ್ಮಾ. ಮುನಿಯಪ್ಪನ್ಗೆ ಈ ಮೂಲೆ ಬಿಟ್ರೆ ಎಲ್ಲಿದೆ ಜಾಗ?"

"ಲೇ ಪಾಷಾ!"

ತಿರುಗಿ ನೋಡಿದೆವು. ದೊಡ್ಡಮುನಿಯಪ್ಪನವರು ಬಾಗಿಲಲ್ಲಿ ಹೊಲಿಗೆ ಮಷೀನು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ದೇವರೇ ಬಲ್ಲ. "ನಾ ಸುಟ್ಟಿದ್ದಕ್ಕೆ ನೀ ಹೊರಟ್ಯೇನ್ಲಾ? ನೀ ಹೋಗ್ಬಿಟ್ರೆ ಈ ಮೂಲೆ ಇಟ್ಕೊಂಡು ನಾನೇನ್ಲಾ ಮಾಡ್ಲಿ?" ಅನ್ನುತ್ತಾ ಆ ಮಷೀನನ್ನು ಒಬ್ಬರೇ ಒಳಕ್ಕೆ ನೂಕತೊಡಗಿದರು. ಅದು ಜರುಗಲಿಲ್ಲ. ಪಾಷಾ ಓಡಿಹೋಗಿ ಅವರ ಕೈ ಹಿಡಿದರು.

ಅಮರನ ಮುಖ ಬಿಳಿಚಿಕೊಂಡಿತ್ತು. "ಅಪ್ಪಾ, ಪೂಜೆ ಬಿಟ್ಟೆ ಅಂತ ನೀನೇ ಅಂದಿದ್ಯಲ್ಲ. ನಂಗ್ಯಾಕೆ ಸುಳ್ಳು ಹೇಳ್ದೆ?"

ಮುದುಕರು ನೆಲ ನೋಡಿದರು. "ನೀನು ಬೈತೀಯಲ್ಲಪ್ಪಾ. ನಂಗೆ ನಿನ್ನ ಕಂಡ್ರೆ ಭಯ. ಪೂಜೆ ಬಿಟ್ರೆ ನಿನ್ ಗಾಡಿಗೇನಾದ್ರೂ ಆದೀತು ಅಂತ ಅದೂ ಭಯ."

ಹೆತ್ತ ಅಪ್ಪ ಮಗನೆದುರು ನಿಂತು ನಿನ್ನ ಕಂಡರೆ ಭಯ ಅನ್ನುವುದನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಅಷ್ಟೊಂದು ಗುಡುಗಿದ್ದ ಆ ಅಮರ್ ಚಿಕ್ಕ ಹುಡುಗನ ಹಾಗೆ ಗಳಗಳನೆ ಅತ್ತುಬಿಟ್ಟ. ಆಮೇಲೆ ಪಾಷಾರ ಮುಂದೆ ಕೈ ಮುಗಿದ.

"ಚಾಚಾ, ತಪ್ಪಾಯ್ತು. ನೀವು ಎಲ್ಲೂ ಹೋಗ್ಬೇಡಿ. ಅಪ್ಪನ ಹತ್ರ ಹೇಗೆ ಮಾತಾಡ್ಬೇಕು ಅನ್ನೋದೇ ನಂಗೆ ಮರೆತು ಹೋಗಿದೆ. ನೀವೇ ಹೇಳ್ಕೊಡಿ."

ಪಾಷಾ ಗೆಳೆಯನನ್ನು ಮೂಲೆಯ ಚಾಪೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕೂತರು.

"ಮೊದಲು ಕೂತ್ಕೋ ಬೇಟಾ," ಅಂದರು. "ಮಾತು ತಾನಾಗೇ ಬರುತ್ತೆ."

ಅಮರ್ ಕಣ್ಣೊರೆಸಿಕೊಂಡು ಅಪ್ಪನ ಪಕ್ಕ ಕೂತ.