ಅರ್ಧ ಗಂಟೆಯಲ್ಲಿ ನೋವು ಮಾಯ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ನುಗ್ಗಿದ ಬಡಗಿಯ ಅಣ್ಣ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಮ್ಮ ರಕ್ತ ಕಾರ್ಕೊಂಡು ಆಸ್ಪತ್ರೇಲಿದಾನೆ ಮೇಡಂ. ಅವನ ಹೆಂಡ್ತೀನೇ ವಿಷ ಹಾಕಿರೋದು. ಮೊದಲು ಅವಳನ್ನ ಒಳಗೆ ಹಾಕಿ."

ಒಳಗೆ ಹಾಕುವುದು ಇನ್‌ಸ್ಪೆಕ್ಟರಮ್ಮನಿಗೆ ನಿಮಿಷದ ಕೆಲಸ. ತಪ್ಪಿಲ್ಲದವಳನ್ನು ಹಾಕಿಬಿಟ್ಟರೆ ಹೋದ ಮಾನ ತಂದುಕೊಡುವವರು ಯಾರು? ಎಫ್‌ಐಆರ್ ದಾಖಲಿಸಿ, ಪೇದೆಯೊಂದಿಗೆ ನೆಟ್ಟಗೆ ಆಸ್ಪತ್ರೆಗೆ ನಡೆದರು. ಅಣ್ಣನೂ ಬೆನ್ನಿಗೆ ಬಿದ್ದ.

"ವಿಷದ ಹಾಗೆ ಕಾಣಲ್ಲ," ಎಂದರು ಡಾಕ್ಟರು. "ಹೃದಯದ ಕವಾಟ ಬದಲಾಯಿಸಿದ ಮೇಲೆ ಇವರು ರಕ್ತ ತೆಳು ಮಾಡೋ ಮಾತ್ರೆ ತಗೋತಿದಾರೆ. ಅದರ ಜೊತೆ ಅಂಗಡೀಲಿ ಸಿಗೋ ಎಷ್ಟೋ ನೋವಿನ ಮಾತ್ರೆ ಸೇರಿದ್ರೆ ಹೊಟ್ಟೇಲಿ ರಕ್ತ ಸೋರುತ್ತೆ. ಸದ್ಯ, ಜೀವಕ್ಕೆ ಭಯ ಇಲ್ಲ."

ಬಾಗಿಲ ಬಳಿ ನಿಂತಿದ್ದ ಬಡಗಿಯ ಹೆಂಡತಿ ಅತ್ತೂ ಅತ್ತೂ ಸೋತಿದ್ದಳು. "ಮಾತ್ರೆ ಯಾರಮ್ಮ ಕೊಟ್ಟಿದ್ದು?" ಎಂದು ಇನ್‌ಸ್ಪೆಕ್ಟರಮ್ಮ ಕೇಳಿದರು.

"ಅಂಥದ್ದು ಮನೆಗೇ ತರಲ್ಲ ಮೇಡಂ. ತಲೆನೋವು ಬಂದ್ರೂ ಡಾಕ್ಟ್ರನ್ನ ಕೇಳಿ ಪ್ಯಾರಸಿಟಮಾಲ್ ಕೊಡೋದು, ಅದೂ ಅವರು ಹೇಳಿದಷ್ಟೇ."

"ಬಡಗಿ ಕೆಲಸ, ಮಂಡಿನೋವು ಬರ್ತಿರುತ್ತಲ್ಲ, ಅದಕ್ಕೆ?"

"ಬೇರಿನ ಪುಡಿ. ಮಾತ್ರೆ ಅಲ್ವಲ್ಲ ಅಂತ ಕೇಳೋಕೆ ಹೋಗಲಿಲ್ಲ."

"ತಂದವರು ಯಾರು?"

ಆಕೆ ತಲೆ ತಗ್ಗಿಸಿದಳು. "ಭಾವನೇ, ನಾಟಿ ಔಷಧಿಯವನ ಅಂಗಡಿಯಿಂದ."

ಅಷ್ಟು ಹೊತ್ತು ಹಾರಾಡುತ್ತಿದ್ದ ಅಣ್ಣ ಪೇದೆಯ ಹಿಂದಕ್ಕೆ ಸರಿದ. ಆದರೆ ಪೇದೆ ಸುಮ್ಮನಿರಬೇಕಲ್ಲ! "ಆ ಪುಡಿ ಬಂಗಾರ ಮೇಡಂ! ಸೊಂಟ ಹಿಡ್ಕೊಂಡಾಗ ಒಂದು ಚಮಚ ನುಂಗ್ತೀನಿ, ಅರ್ಧ ಗಂಟೇಲಿ ನೋವು ಮಂಗಮಾಯ."

"ಅರ್ಧ ಗಂಟೇಲಾ? ಅಷ್ಟೊಂದು ಅರ್ಜೆಂಟಲ್ಲಿರೋ ಬೇರು ಯಾವುದ್ರೀ ಅದು? ನಿಮ್ಮ ಹತ್ರ ಇರೋ ಪೊಟ್ಟಣಾನೂ ಕೊಡಿ ಇಲ್ಲಿ."

ಎರಡೂ ಪುಡಿ ಪ್ರಯೋಗಾಲಯಕ್ಕೆ ಹೋದವು. ಗುರುವಾರ ವರದಿ ಬಂತು: ಬೇರು ಹೆಸರಿಗಷ್ಟೇ, ಕೆಲಸ ಮಾಡುತ್ತಿದ್ದುದು ಅರೆದ ನೋವಿನ ಮಾತ್ರೆ.

ಅಂದು ಮಧ್ಯಾಹ್ನವೇ ಔಷಧಿಯವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಬಿಳಿ ಪುಡಿ ಮೆತ್ತಿದ ಮಿಕ್ಸಿ, ಮೂಲೆಯಲ್ಲಿ ಗೋಣಿಚೀಲದ ತುಂಬ ಮಾತ್ರೆಯ ಖಾಲಿ ಹಾಳೆಗಳು.

"ಯಾರಿಗೆ ಇಷ್ಟೊಂದು ಮಾತ್ರೆ?"

"ನನಗೇ ಮೇಡಂ. ಮೈಕೈ ನೋವು."

"ಗೋಣಿಚೀಲ ತುಂಬೋವಷ್ಟು ಮೈಕೈ ನೋವಾ? ನಡೀರಿ ಠಾಣೆಗೆ, ನಿಮ್ಮನ್ನ ಬಂಧಿಸಿದೀನಿ."

ಇನ್‌ಸ್ಪೆಕ್ಟರಮ್ಮ ಅಲ್ಲಿಂದಲೇ ಬಡಗಿಯ ಹೆಂಡತಿಗೆ ಫೋನು ಮಾಡಿದರು. "ನಿಮ್ಮ ಮೇಲೆ ಏನೂ ಇಲ್ಲಮ್ಮ. ಇನ್ನು ಮೇಲೆ ಪುಡಿಯಾಗ್ಲಿ, ಕಷಾಯ ಆಗ್ಲಿ, ಡಾಕ್ಟ್ರನ್ನ ಕೇಳದೆ ಕೊಡಬೇಡಿ." ಆ ಕಡೆಯಿಂದ ಅಳು ಮಾತ್ರ ಕೇಳಿಸಿತು. ಆಮೇಲೆ ಅಣ್ಣನ ದನಿ: "ನನ್ನಿಂದ ತಪ್ಪಾಯ್ತಮ್ಮ, ಊಟ ಮಾಡು ಬಾ." ಅದು ತಮ್ಮನ ಹೆಂಡತಿಗೆ ಹೇಳಿದ ಮಾತು.

ಜೀಪಿನಲ್ಲಿ ಔಷಧಿಯವನು ತಾನಾಗಿಯೇ ಬಾಯಿಬಿಟ್ಟ. "ನಮ್ಮಪ್ಪನ ಕೈಗುಣ ಅಂದ್ರೆ ಜನ ಕೈಮುಗೀತಿದ್ರು. ನನ್ನ ಕೈಯಲ್ಲಿ ಒಬ್ಬರಿಗೂ ವಾಸಿ ಆಗಲಿಲ್ಲ. ಒಂದಿನ ಮಾತ್ರೆ ಬೆರೆಸಿ ಕೊಟ್ಟೆ. 'ಥೇಟ್ ನಿಮ್ಮಪ್ಪನ ಕೈ ಕಣಪ್ಪ' ಅಂದ್ಲು ಒಬ್ಬಳು ಅಜ್ಜಿ. ಆಮೇಲೆ ಬಿಡೋಕಾಗಲಿಲ್ಲ."

"ಬೇರೆ ಏನಾದ್ರೂ ಔಷಧಿ ತಗೋತಿದೀರಾ ಅಂತ ಬಂದೋರನ್ನ ಕೇಳ್ತಿದ್ರಾ?"

"ನಮ್ಮಪ್ಪ ಕೇಳ್ತಿದ್ರು," ಎಂದ ಅವನು.