ಹೊಗೆಮನೆಯ ತಾಯಿ

ಹೀಗೆ ಅನಿಸಬಾರದಿತ್ತು ಎಂದು ಕಾನ್‌ಸ್ಟೆಬಲ್ ಪ್ರೀತಿಕಾ ಮನಸ್ಸಿನಲ್ಲೇ ಒಪ್ಪಿಕೊಂಡಳು. ಸಮನ್ವಿತಾಳ ನಾಯಿಮರಿ ಸತ್ತಿತೆಂದು ಕೇಳಿದ ಕ್ಷಣ ಅವಳೊಳಗೆ ಎಲ್ಲೋ ಸಣ್ಣಗೆ ತಂಪಾಗಿತ್ತು.

ಮಾರ್ಚ್ ಆರು, ಬೆಳಿಗ್ಗೆ ಹತ್ತೂವರೆ. ಪುತ್ತೂರಿನ ಠಾಣೆಗೆ ದೂರು ತಂದಿದ್ದ ಸಮನ್ವಿತಾ ಅವಳ ಡಿಗ್ರಿ ಸಹಪಾಠಿ. ವಾರ್ಷಿಕೋತ್ಸವದ ಹಾಡು, ಲೆಕ್ಚರರ ಮೆಚ್ಚುಗೆ, ಎಲ್ಲವೂ ಸಮನ್ವಿತಾಳನ್ನು ಹುಡುಕಿಕೊಂಡು ಬರುತ್ತಿದ್ದವು. ಪ್ರೀತಿಕಾಳಿಗೂ ಅವು ಬೇಕಿದ್ದವು. ಕೇಳಲು ಬಾಯಿ ಬರುತ್ತಿರಲಿಲ್ಲ. ಡೈರಿಯಲ್ಲಿ ಬರೆದು ಮುಚ್ಚಿಡುತ್ತಿದ್ದಳು.

“ಮರಿ ಎಲ್ಲಿಂದ ತಗೊಂಡದ್ದು?” ಸಬ್ ಇನ್‌ಸ್ಪೆಕ್ಟರ್ ಧರ್ಮಪಾಲ ಕೇಳಿದರು.

“ಇನ್‌ಸ್ಟಾಗ್ರಾಮಿನಲ್ಲಿ ನೋಡಿ, ಸರ್. ಕಬಕದಲ್ಲಿ ಒಬ್ಬ ಬೈಕಲ್ಲಿ ತಂದು ಕೊಟ್ಟ. ಹೆಲ್ಮೆಟ್ ತೆಗೀಲೇ ಇಲ್ಲ.”

“ತಾಯಿಯನ್ನು ನೋಡಿದ್ರಾ?”

“ಕೇಳಬೇಕು ಅಂತ ಗೊತ್ತೇ ಇರ್ಲಿಲ್ಲ.” ಅವಳ ಕಣ್ಣು ತುಂಬಿತು. “ಮೂರನೇ ದಿನಕ್ಕೆ ರಕ್ತಭೇದಿ. ಆ ನಂಬರ್ ಈಗ ಸ್ವಿಚ್ ಆಫ್.”

ಎಫ್‌ಐಆರ್ ದಾಖಲಾಯಿತು. ಸಿಮ್ ಹೊರರಾಜ್ಯದ ಯಾರದೋ ಹೆಸರಿನಲ್ಲಿತ್ತು. ಉಳಿದದ್ದು ಮರಿಯನ್ನು ಸುತ್ತಿ ಕೊಟ್ಟಿದ್ದ ಹಳೆಯ ಬೈರಾಸು ಟವೆಲು ಮಾತ್ರ. ಅದನ್ನು ಕವರಿಗೆ ಹಾಕುವಾಗ ಪ್ರೀತಿಕಾಳ ಮೂಗಿಗೆ ಹೊಗೆಯಲ್ಲಿ ಒಣಗಿಸಿದ ರಬ್ಬರ್ ಶೀಟಿನ ವಾಸನೆ ಬಡಿಯಿತು. ಅವಳ ಅಪ್ಪನ ಅಂಗಿಗೂ ಇದೇ ವಾಸನೆ ಇರುತ್ತಿತ್ತು.

ಬೆಟ್ಟಂಪಾಡಿಯಲ್ಲಿ ರಬ್ಬರ್ ಶೀಟು ಖರೀದಿಸುವ ಕಾಸಿಂ, ಪ್ರೀತಿಕಾ ವಿಚಾರಿಸಿದಾಗ ನಕ್ಕುಬಿಟ್ಟ. “ಈಗ ಎಂತ ಶೀಟು ಮಾರಾಯ್ರೆ? ಎಲೆ ಉದುರಿ ಮರದ ಹಾಲು ತೆಗೆಯುವ ಟ್ಯಾಪಿಂಗ್ ನಿಂತು ತಿಂಗಳಾಯ್ತು. ಎಲ್ಲರ ಹೊಗೆಮನೆಯೂ ತಣ್ಣಗೆ.”

“ಎಲ್ಲರದ್ದೂ?”

ಕಾಸಿಂ ತಲೆ ಕೆರೆದುಕೊಂಡ. “ಸಂಪ್ರೀತನದ್ದು ಬಿಟ್ಟು. ಅಲ್ಲಿ ದಿನಾ ಹೊಗೆ ಏಳ್ತದೆ.”

ಮಧ್ಯಾಹ್ನ ಎರಡಕ್ಕೆ ಧರ್ಮಪಾಲ, ಪ್ರೀತಿಕಾ ಪಂಚರೊಂದಿಗೆ ಅಲ್ಲಿಗೆ ತಲುಪಿದಾಗ ಸಂಪ್ರೀತ್ ಬಾಗಿಲಿಗೆ ಅಡ್ಡ ನಿಂತಿದ್ದ.

“ಒಳಗೆ ಎಂತ ಉಂಟು?” ಧರ್ಮಪಾಲ ಕೇಳಿದರು.

“ಶೀಟು, ಸರ್.”

“ಟ್ಯಾಪಿಂಗೇ ಇಲ್ಲ. ಶೀಟು ಆಕಾಶದಿಂದ ಉದುರಿತಾ?”

ಬೀಗ ತೆಗೆದಾಗ ತೆಂಗಿನ ಸಿಪ್ಪೆಯ ಹೊಗೆ ಮುಖಕ್ಕೆ ನುಗ್ಗಿತು, ಅದರ ಬೆನ್ನಿಗೆ ಮಲಮೂತ್ರದ ನಾತ. ನಾತ ಅಕ್ಕಪಕ್ಕದವರಿಗೆ ತಿಳಿಯದಿರಲೆಂದೇ ಹೊಗೆ ಹಾಕಿದ್ದ. ತಂತಿ ಗೂಡುಗಳಲ್ಲಿದ್ದ ನಾಲ್ಕು ಲ್ಯಾಬ್ರಡಾರ್ ತಾಯಿ ನಾಯಿಗಳು ಬೊಗಳಲೂ ದಮ್ಮಿಲ್ಲದೆ ಕೆಮ್ಮುತ್ತಿದ್ದವು, ಹೊಟ್ಟೆಯಡಿ ಮರಿಗಳು. ಪಂಚನಾಮೆ ಬರೆಯುವಾಗ ಪಶುವೈದ್ಯರು, “ಒಂದು ಹೆರಿಗೆ ಆಗಿ ಮೈ ಸುಧಾರಿಸ್ಲಿಕ್ಕೂ ಬಿಟ್ಟಿಲ್ಲ” ಎಂದರು. ಹೊರತಂದು ಬಿಟ್ಟರೆ ಒಂದು ತಾಯಿಗೆ ಮಣ್ಣಿನ ಮೇಲೆ ಕಾಲಿಡಲು ತಿಳಿಯಲಿಲ್ಲ. ಬಿಸಿ ತಾಗಿದಂತೆ ಪಾದ ಎತ್ತೆತ್ತಿ ಇಟ್ಟು, ಕೊನೆಗೆ ಪ್ರೀತಿಕಾಳ ಬೂಟಿನ ಮೇಲೆ ಗದ್ದ ಊರಿ ಮಲಗಿತು.

ಸಂಜೆ ಐದಕ್ಕೆ ಬಂಧನ. ಹೇಳಿಕೆ ಬರೆದುಕೊಳ್ಳುವ ಕೆಲಸ ಪ್ರೀತಿಕಾಳದ್ದು.

“ಯಾಕೆ ಸುರು ಮಾಡಿದ್ದು?” ಧರ್ಮಪಾಲ ಕೇಳಿದರು.

“ಅಣ್ಣನ ಲ್ಯಾಬ್ರಡಾರ್ ನೋಡ್ಲಿಕ್ಕೆ ಊರೇ ಬರ್ತಿತ್ತು, ಸರ್. ನನ್ನ ಹೆಸರೂ ಯಾರಿಗೂ ಬೇಡ. ಅವನಿಗಿಂತ ಜಾಸ್ತಿ ನಾಯಿ ನನ್ನಲ್ಲಿ ಆಗ್ಬೇಕು ಅಂತ ಹೊಟ್ಟೆಕಿಚ್ಚು.”

“ಅಣ್ಣನಲ್ಲೇ ಒಂದು ಮರಿ ಕೇಳ್ಬಹುದಿತ್ತಲ್ಲ?”

ಸಂಪ್ರೀತ್ ತಲೆ ತಗ್ಗಿಸಿದ. “ಬಾಯಿ ಬರ್ಲಿಲ್ಲ.”

ಪ್ರೀತಿಕಾಳ ಪೆನ್ನು ನಿಂತಿತು. ಆ ಎರಡು ಶಬ್ದ ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ಪಶು ಆಸ್ಪತ್ರೆಯ ಅಂಗಳದಲ್ಲಿ ಧರ್ಮಪಾಲ ನಿಟ್ಟುಸಿರುಬಿಟ್ಟರು. “ಇವನ್ನು ಸಾಕುವವರಿಗೆ ಕೊಡ್ಲಿಕ್ಕೆ ಕೋರ್ಟಿನ ಅನುಮತಿ ಸಿಕ್ಕಿದೆ. ಮರಿಗಳಿಗೆ ಬೆಳಿಗ್ಗೆಯಿಂದ ಫೋನು. ಈ ತಾಯಂದಿರನ್ನು ಕೇಳುವವರೇ ಇಲ್ಲ.”

“ನಾನು ಕೇಳ್ತೇನೆ, ಸರ್.” ಸಮನ್ವಿತಾ ಮುಂದೆ ಬಂದಳು. “ಇನ್ನು ಮರಿ ಕೊಂಡುಕೊಳ್ಳುದಿಲ್ಲ. ಇಂಥದ್ದೇ ಒಂದನ್ನು ಸಾಕ್ತೇನೆ.” ಅವಳ ಬೆರಳು ನಾಲ್ಕರಲ್ಲಿ ಸರಿಯಾಗಿ ನಿನ್ನೆ ಪ್ರೀತಿಕಾಳ ಬೂಟಿನ ಮೇಲೆ ಮಲಗಿದ್ದ ತಾಯಿಯ ಕಡೆಗೆ ಹೋಯಿತು. “ಇದು ಆಗ್ಬಹುದಾ?”

ಒಳ್ಳೆಯ ಮಾತನ್ನೂ ಅವಳೇ ಮೊದಲು ಆಡಿಬಿಟ್ಟಳಲ್ಲ ಎಂದು ಪ್ರೀತಿಕಾಳ ಎದೆಯಲ್ಲಿ ಹಳೆಯ ಕಿಚ್ಚು ಭಗ್ಗೆಂದಿತು. ಇವತ್ತು ರಾತ್ರಿ ಡೈರಿಗೆ ಇನ್ನೊಂದು ಪುಟ. ಧರ್ಮಪಾಲ “ಆಯ್ತು” ಎನ್ನಲು ಬಾಯಿ ತೆರೆಯುತ್ತಿದ್ದರು. ತಾಯಿ ನಾಯಿ ಪಾದ ಎತ್ತೆತ್ತಿ ಇಡುತ್ತ ಮತ್ತೆ ಪ್ರೀತಿಕಾಳ ಬೂಟಿನತ್ತ ಬರುತ್ತಿತ್ತು.

“ಸರ್,” ಎಂದಳು ಪ್ರೀತಿಕಾ. ಎಲ್ಲರಿಗೂ ಕೇಳಿತು. “ಅದು ನನಗೆ ಬೇಕು.”